ಸಿಪ್ಪೆ, ಬೀಜಗಳಲ್ಲಿರುವ ಸತ್ವ

ಖಾನಾಪುರದ ಕಡೆಯ ಮಳೆಕಾಡಿನ ಮುರುಗಲು ಹಣ್ಣಿನಲ್ಲಿ ಬೆಲೆ ತಿರುಳಿಗಲ್ಲ, ಸಿಪ್ಪೆಗೆ. ಕರಾವಳಿಯವರು ಪುನರ್ಪುಳಿ ಎನ್ನುವ ಈ ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುತ್ತದೆ. ಹಣ್ಣು ಸೀಳಿ ಬೀಜ ತೆಗೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಬಿಸಿಲಿಗೆ ಹರಡುತ್ತಾರೆ. ಒಣಗಿದ ಮೇಲೆ ಮತ್ತೆ ಅದ್ದುತ್ತಾರೆ. ಕಪ್ಪುಗೆಂಪಾಗುವ ಹೊತ್ತಿಗೆ ಅದು ಆಮಸೂಲ. ಬೆಳಗಾವಿಯ ಅಡುಗೆಮನೆಗಳಲ್ಲಿ ಸಾರಿನ ಹುಳಿಗೂ ಸೋಲಕಡಿ ಎಂಬ ಪಾನೀಯಕ್ಕೂ ಅದೇ ಆಧಾರ. ಬೀಜವೂ ವ್ಯರ್ಥವಲ್ಲ. ಅದರಿಂದ ತೆಗೆದ ಮುರುಗಲು ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ.

ಆಮಸೂಲದ ಕೆಂಪಿಗೆ ಕಾರಣ ಆಂಥೋಸಯನಿನ್. ಅದೇ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತುವೂ ಇದೆ. ಎರಡೂ ಆಂಟಿಆಕ್ಸಿಡೆಂಟ್‌ಗಳು. ದೇಹದಲ್ಲಿ ಆಹಾರ ಶಕ್ತಿಯಾಗುವಾಗ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣುಗಳು ಹುಟ್ಟುತ್ತವೆ. ಅವು ಪಕ್ಕದ ಕೊಬ್ಬು, ಪ್ರೋಟೀನುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಕಳೆದುಕೊಂಡ ಅಣು ಇನ್ನೊಂದರ ಮೇಲೆ ಬೀಳುತ್ತದೆ. ಆಂಟಿಆಕ್ಸಿಡೆಂಟ್ ತನ್ನದನ್ನು ಕೊಟ್ಟೂ ಸ್ಥಿರವಾಗಿ ಉಳಿಯುವುದರಿಂದ ಈ ಸರಪಳಿ ಅಲ್ಲಿಗೆ ತುಂಡಾಗುತ್ತದೆ.

ಆಂಟಿಆಕ್ಸಿಡೆಂಟ್‌ಗಳು ಸಿಪ್ಪೆ, ಬೀಜಗಳಲ್ಲೇ ಹೆಚ್ಚಾಗಿ ಸೇರುವುದಕ್ಕೆ ಕಾರಣವಿದೆ. ಬಿಸಿಲಿನ ನೇರಳಾತೀತ ಕಿರಣ, ಕೀಟ, ಬೂಷ್ಟು ಎಲ್ಲಕ್ಕೂ ಮೊದಲು ಎದುರಾಗುವುದು ಸಿಪ್ಪೆ. ಬೀಜದೊಳಗಿನ ಎಣ್ಣೆ ಮೊಳಕೆಯೊಡೆಯುವವರೆಗೆ ಕಮಟಬಾರದು. ಅದನ್ನು ಇ ಜೀವಸತ್ವ ಕಾಯುತ್ತದೆ. ನೇರಳೆ ಬೀಜದ ಒಗರು, ದ್ರಾಕ್ಷಿ ಬೀಜದ ಕಹಿ ಟ್ಯಾನಿನ್ ಜಾತಿಯ ವಸ್ತುಗಳವು.

ಈ ವಿಷಯದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆಲಸ ದೊಡ್ಡದು. ಅಲ್ಲಿನ ವಿಜ್ಞಾನಿಗಳು ದಾಳಿಂಬೆಯ ಸಿಪ್ಪೆ ಮತ್ತು ಬೀಜದ ಸಾರಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದು. ಸಿಪ್ಪೆಯ ಸಾರ ಶೇ. 80ಕ್ಕೂ ಮೇಲೆ ಆಂಟಿಆಕ್ಸಿಡೆಂಟ್ ಪರಿಣಾಮ ತೋರಿದರೆ, ಬೀಜದ್ದು ಇಮ್ಮಡಿ ಪ್ರಮಾಣದಲ್ಲೂ ಸುಮಾರು ಶೇ. 23 ಮಾತ್ರ. ಜನ ಮೆಲ್ಲುವುದು ಬೀಜವನ್ನು, ಎಸೆಯುವುದು ಸಿಪ್ಪೆಯನ್ನು. ಅದೇ ಸಂಸ್ಥೆ ರಸಪುರಿ, ಬಾದಾಮಿ ಮಾವಿನ ಸಿಪ್ಪೆಯನ್ನೂ ಪರೀಕ್ಷಿಸಿತು. ಕಾಯಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ಎಂಬ ಆಂಟಿಆಕ್ಸಿಡೆಂಟ್ ಹೆಚ್ಚು, ಹಣ್ಣಿನದರಲ್ಲಿ ಕೆರೊಟಿನಾಯ್ಡ್ ಎಂಬ ಬಣ್ಣದ ವಸ್ತು ಹೆಚ್ಚು ಎಂದು ತಿಳಿಯಿತು. ಸಿಪ್ಪೆಯ ಪುಡಿ ಬೆರೆಸಿ ಬಿಸ್ಕತ್ತನ್ನೂ ಮಾಡಿ ನೋಡಿದರು. ಮಾವಿನ ಕಾಲದಲ್ಲಿ ಬೆಳಗಾವಿಯ ಶಿವಬಸವ ನಗರದಂಥ ಬಡಾವಣೆಗಳಿಂದ ಕಸದ ಗಾಡಿಗೆ ಬೀಳುವ ಸಿಪ್ಪೆ, ವಾಟೆಗಳನ್ನು ನೆನೆದರೆ ಈ ದಾರಿಯ ಮಹತ್ವ ಗೊತ್ತಾಗುತ್ತದೆ.

ಆದರೆ ಪ್ರಯೋಗನಾಳದ ಅಂಕಿ ದೇಹಕ್ಕೆ ಹಾಗೆಯೇ ಹೊಂದುವುದಿಲ್ಲ. ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನವು ಕರುಳಿನಿಂದ ರಕ್ತಕ್ಕೆ ಸೇರುವುದು ಅಲ್ಪ. ಸೇರುವ ಮುಂಚೆಯೇ ರೂಪ ಬದಲಿಸುವುದೂ ಉಂಟು. ಆದ್ದರಿಂದ ಸಿಪ್ಪೆಯ ಪುಡಿ ಕ್ಯಾನ್ಸರ್ ವಾಸಿಮಾಡುತ್ತದೆ ಎಂಬಂಥ ಪ್ರಚಾರವನ್ನು ನಂಬಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ನೇರಳೆ ಬೀಜದ ಪುಡಿಯನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು, ಸಕ್ಕರೆ ವಿಪರೀತ ಇಳಿದೀತು.

ಸಿಪ್ಪೆ ಬಳಸುವ ಮುನ್ನ ಚೆನ್ನಾಗಿ ತೊಳೆಯಬೇಕು, ಸಿಂಪಡಿಸಿದ ಕೀಟನಾಶಕ ಮೊದಲು ಕೂರುವುದು ಅಲ್ಲೇ. ಮಾವಿನ ಸಿಪ್ಪೆಯ ಸೊನೆ ಕೆಲವರ ತುಟಿಗೆ ತುರಿಕೆ, ಗುಳ್ಳೆ ತರುತ್ತದೆ. ಎಲ್ಲ ಬೀಜವೂ ಹೊಟ್ಟೆಗಲ್ಲ. ಸೀತಾಫಲದ ಬೀಜದಲ್ಲಿ ವಿಷವಿದೆ. ಹೇನಿಗೆಂದು ತಲೆಗೆ ಹಚ್ಚುವ ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪಟಲಕ್ಕೇ (ಕಾರ್ನಿಯಾ) ಗಾಯವಾಗುತ್ತದೆ.