ಒಂದೇ ಹೃದಯದಲ್ಲಿ ಎರಡು ರೋಗಗಳು

ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವುಳ್ಳ ಮಗುವಿನ ಆಯಾಸ, ಜ್ವರ, ಎದೆಬಡಿತಗಳೆಲ್ಲಕ್ಕೂ ಆ ರಂಧ್ರವೇ ಕಾರಣವೆಂದು ತಿಳಿಯುವವರು ನಮ್ಮಲ್ಲಿ ಕಡಮೆಯಿಲ್ಲ. ಈ ನಂಬಿಕೆಯು ನಿರಾಧಾರವಾದುದು. ಅದರಿಂದಾಗುವ ಹಾನಿಯಾದರೋ ಅಲ್ಪವಲ್ಲ.

ಪ್ರತಿ ಸಾವಿರ ನವಜಾತ ಶಿಶುಗಳಲ್ಲಿ ಸುಮಾರು 8-9 ಶಿಶುಗಳಿಗೆ ಹುಟ್ಟುಹೃದ್ರೋಗವಿರುತ್ತದೆ. ರುಮ್ಯಾಟಿಕ್ ಜ್ವರವಾದರೋ ಗರ್ಭದಿಂದ ಬಂದುದಲ್ಲ, ಗಂಟಲಿನಿಂದ ಬಂದುದು. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟ ಎರಡು ಮೂರು ವಾರಗಳ ತರುವಾಯ ಜ್ವರವು ತಲೆದೋರಿ, ಬಾವು ಕೀಲಿನಿಂದ ಕೀಲಿಗೆ ಸಂಚರಿಸುತ್ತದೆ. ಕೀಲಿನ ಬಾವು ಇಳಿದುಹೋಗುವುದು. ಹೃದಯದ ಕವಾಟಗಳಿಗಾದ ಗಾಯವು ಅನೇಕ ವೇಳೆ ಉಳಿದುಬಿಡುವುದು. 5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲಿಯೂ ಇಕ್ಕಟ್ಟಾದ ಬಡಮನೆಗಳಲ್ಲಿ, ಇದು ಹೆಚ್ಚು. ರಂಧ್ರವುಳ್ಳ ಬಾಲಕನೂ ಅವೇ ಮನೆಗಳಲ್ಲಿ ಮಲಗುತ್ತಾನಲ್ಲವೆ?

ಮೇಲಿನ ಕೋಣೆಗಳ ನಡುವಣ ರಂಧ್ರವೂ ಎಡಗವಾಟದ ಸಂಕೋಚವೂ ಕೂಡಿರುವುದನ್ನು ಫ್ರಾನ್ಸಿನ ವೈದ್ಯ ರೆನೆ ಲುಟೆಂಬಾಷೆ 1916ರಲ್ಲಿ ವಿವರಿಸಿದನು. ಕವಾಟದ ದೋಷವೂ ಹುಟ್ಟಿನದೇ ಎಂದು ಅವನೂ ಎಣಿಸಿದ್ದನು. ಬಹುಮಟ್ಟಿಗೆ ಅದು ರುಮ್ಯಾಟಿಕ್ ಜ್ವರದ ಫಲವೆಂಬುದು ಆಮೇಲೆ ತಿಳಿದುಬಂದಿತು. ಇಲ್ಲಿ ಒಂದು ದೋಷವು ಮತ್ತೊಂದನ್ನು ಮರೆಮಾಡುತ್ತದೆ. ಕವಾಟವು ಬಿಗಿದಾಗ ಶ್ವಾಸಕೋಶಗಳ ಮೇಲೆ ಬೀಳಬೇಕಾದ ಒತ್ತಡವು ರಂಧ್ರದ ಮೂಲಕ ಬಲಕ್ಕೆ ಹರಿದು ತಗ್ಗುತ್ತದೆ. ಮಗುವು ನೆಮ್ಮದಿಯಾಗಿರುವಂತೆ ಕಾಣುತ್ತದೆ. ಒಳಗೆ ಹೃದಯದ ಬಲಭಾಗವು ದಣಿಯುತ್ತಿರುತ್ತದೆ. ಕವಾಟವನ್ನು ಗಮನಿಸದೆ ರಂಧ್ರವೊಂದನ್ನೇ ಮುಚ್ಚಿದರಂತೂ ಆ ಒತ್ತಡವೆಲ್ಲವೂ ಶ್ವಾಸಕೋಶಗಳನ್ನೇ ತಟ್ಟುವುದು.

ಆದುದರಿಂದ ಎದೆಯಲ್ಲಿ ಕೇಳಿಬರುವ ಮರ್ಮರಧ್ವನಿಯು "ಹಳೆಯದೇ" ಎಂದು ಸುಮ್ಮನಾಗುವುದು ಯುಕ್ತವಲ್ಲ. ಕೀಲುನೋವಿನೊಡನೆ ಜ್ವರ ಬಂದರೆ ಎಕೋ ಪರೀಕ್ಷೆಯು ಮತ್ತೊಮ್ಮೆ ಆಗಲೇಬೇಕು. ಆ ರೋಗಾಣುವಿನ ಗಂಟಲುನೋವಿಗೆ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರವು ಹೃದಯವನ್ನು ತಟ್ಟಿದ ಮೇಲೆ 3-4 ವಾರಗಳಿಗೊಮ್ಮೆ ಬೆಂಜಾಥಿನ್ ಪೆನಿಸಿಲಿನ್ ಚುಚ್ಚುಮದ್ದು ಕನಿಷ್ಠ 10 ವರ್ಷಗಳವರೆಗೆ ಸಲ್ಲಬೇಕು. ಶಸ್ತ್ರಚಿಕಿತ್ಸೆಗೆ ದೊರೆಯುವ ಕೀರ್ತಿ ಈ ಚುಚ್ಚುಮದ್ದಿಗೆ ದೊರೆಯದು. ತಪ್ಪಿದ ಸೂಜಿಯ ಲೆಕ್ಕವನ್ನು ಕೇಳುವವರೂ ವಿರಳ.

2013ರಲ್ಲಿ ಭಾರತ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಹೃದ್ರೋಗವು ಜನ್ಮದೋಷಗಳ ಸಾಲಿನಲ್ಲಿಯೂ ರುಮ್ಯಾಟಿಕ್ ಹೃದ್ರೋಗವು ಬಾಲ್ಯರೋಗಗಳ ಸಾಲಿನಲ್ಲಿಯೂ ಬೇರೆಬೇರೆಯಾಗಿವೆ. ಕಾಗದದ ಮೇಲೆ ಇದು ಸರಿಯೇ. ಶಾಲೆಗೆ ವರ್ಷಕ್ಕೊಮ್ಮೆ ಬರುವ ತಪಾಸಣಾ ತಂಡದವರು ಮೊದಲನೆಯದಕ್ಕೆ ಗುರುತು ಹಾಕಿದ ಮಗುವನ್ನು ಎರಡನೆಯದಕ್ಕಾಗಿಯೂ ಪರೀಕ್ಷಿಸುವಂತೆ ಜಿಲ್ಲಾಧಿಕಾರಿಗಳು ಆಜ್ಞಾಪಿಸಲು ಹೊಸ ಶಾಸನವೇನೂ ಬೇಕಾಗಿಲ್ಲ.