ಡಿಲೇನೇ ಬೇರೆ, ಪೋಸ್ಟ್‌ಪೋನೇ ಬೇರೆ

ಕೊರೊನಾ ಲಾಕ್‌ಡೌನ್ ಶುರುವಾದ ಹೊಸತರಲ್ಲಿ, 2020ರ ಮಾರ್ಚ್ 27ರಂದು, ರಿಸರ್ವ್ ಬ್ಯಾಂಕ್ ಮೂರು ತಿಂಗಳ 'ಮೊರಟೋರಿಯಂ'ಗೆ ಅವಕಾಶ ಕೊಟ್ಟಾಗ ಸಾಲಗಾರರು ಸದ್ಯ ಬದುಕಿಕೊಂಡೆವು ಎಂದುಕೊಂಡರು. ಮುಂದೆ ಅದು ಆಗಸ್ಟ್ 31ರವರೆಗೂ ಬೆಳೆಯಿತು. ಎಷ್ಟೋ ಜನ ಅದನ್ನು 'ವೇವರ್', ಅಂದರೆ ಮನ್ನಾ ಎಂದೇ ಬಗೆದಿದ್ದರು. ನಿಂತದ್ದು ಕಂತು ಮಾತ್ರ, ಬಡ್ಡಿಯಲ್ಲ. 30 ಲಕ್ಷ ರೂಪಾಯಿ ಮನೆ ಸಾಲ, ಶೇ 8ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ 20 ಸಾವಿರ. ಆರು ತಿಂಗಳಿಗೆ 1.20 ಲಕ್ಷ ಸದ್ದಿಲ್ಲದೆ ಸೇರಿಕೊಂಡಿತು. ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2021ರ ಮಾರ್ಚ್ 23ರಂದು ತೀರ್ಪು ಬಂತು: ಪೂರ್ತಿ ಬಡ್ಡಿ ಮನ್ನಾ ಆಗದು, ಆದರೆ ಬಡ್ಡಿಯ ಮೇಲೆ ಬಡ್ಡಿ ಹಾಕುವಂತಿಲ್ಲ.

ಪದಗಳ ಇಂಥ ಗೊಂದಲ ಸಾಲಕ್ಕಷ್ಟೇ ಸೀಮಿತವಲ್ಲ. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ಪರೀಕ್ಷೆಯೂ ಕಲಾಪವೂ ಮದುವೆಯೂ 'ಮುಂದೂಡಿಕೆ' ಆಗುತ್ತವೆ. ಇಂಗ್ಲಿಷ್ ಅಷ್ಟು ಉದಾರಿಯಲ್ಲ. 'ಡಿಲೇ' ಆಗಲು ಯಾರ ಅಪ್ಪಣೆಯೂ ಬೇಡ. 'ಪೋಸ್ಟ್‌ಪೋನ್' ಮಾಡಲು ಯಾರಾದರೂ ತೀರ್ಮಾನಿಸಲೇಬೇಕು. ರೈಲು ನಿಲ್ದಾಣದ ಫಲಕವನ್ನೇ ನೋಡಿ. ಸಮಯಕ್ಕೆ ಸರಿಯಾಗಿ ಹೊರಟು ದಾರಿಯಲ್ಲಿ ಸಿಗ್ನಲ್‌ಗೆ ಕಾದು ನಿಂತ ಗಾಡಿ 'ಲೇಟ್'. ಹೊರಡುವ ಊರಿನಲ್ಲೇ ವೇಳೆ ಬದಲಿಸಿ ತಡವಾಗಿ ಬಿಟ್ಟರೆ ಅದು 'ರೀಶೆಡ್ಯೂಲ್ಡ್'. ಪ್ಲಾಟ್‌ಫಾರ್ಮಿನಲ್ಲಿ ಕೂತವರಿಗೆ ಎರಡೂ ಒಂದೇ, ಆ ಮಾತು ಬೇರೆ.

ಟೋಕಿಯೊ ಒಲಿಂಪಿಕ್ಸ್ ಪೋಸ್ಟ್‌ಪೋನ್ ಆಯಿತು. ಇನ್ನೂ ಶುರುವೇ ಆಗಿರದ ಕೂಟ 2020ರಿಂದ 2021ರ ಜುಲೈ 23ಕ್ಕೆ ಸರಿಯಿತು. ಹೆಸರು ಮಾತ್ರ 'ಟೋಕಿಯೊ 2020' ಎಂದೇ ಉಳಿಯಿತು. 2021ರ ಐಪಿಎಲ್ ಮೇ 4ರಂದು 'ಸಸ್ಪೆಂಡ್' ಆದದ್ದು ಅರ್ಧ ಆಡಿದ ಮೇಲೆ. ಸೆಪ್ಟೆಂಬರ್‌ನಲ್ಲಿ ಯುಎಇಯಲ್ಲಿ ಮತ್ತೆ ಶುರುವಾದಾಗ ಅಂಕಪಟ್ಟಿ ಹಳೆಯದೇ.

ಇಂಗ್ಲಿಷ್ ಮಾತಾಡುವವರೇ ಎಡವಿದ ಪದವೂ ಒಂದಿದೆ: 'ಟೇಬಲ್'. ಎರಡನೇ ಮಹಾಯುದ್ಧದ ಹೊತ್ತಿನ ಪ್ರಸಂಗವೊಂದನ್ನು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಬ್ರಿಟಿಷ್ ಸೇನಾಧಿಕಾರಿಗಳು ತುರ್ತು ಪತ್ರವೊಂದನ್ನು 'ಟೇಬಲ್' ಮಾಡೋಣ ಎಂದರು, ಅಂದರೆ ಈಗಲೇ ಚರ್ಚೆಗೆ ತರೋಣ. ಅಮೆರಿಕನ್ನರ ಕಿವಿಗೆ ಅದು ಪತ್ರವನ್ನು ಮೂಲೆಗೆ ತಳ್ಳೋಣ ಎಂದು ಕೇಳಿಸಿತು. ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂದು ಗೊತ್ತಾಗುವಷ್ಟರಲ್ಲಿ ಮಾತಿಗೆ ಮಾತು ಬೆಳೆದುಹೋಗಿತ್ತು.

ಸಂಸತ್ತಿನಲ್ಲಂತೂ ಪದ ತಪ್ಪಿದರೆ ಕೆಲಸವೇ ಕೆಟ್ಟಿತು. 'ಅಡ್ಜರ್ನ್' ಆದ ಸದನ ಬಿಟ್ಟಲ್ಲಿಂದಲೇ ಕೆಲಸ ಹಿಡಿಯುತ್ತದೆ. 'ಪ್ರೊರೋಗ್' ಆದರೆ ಅಧಿವೇಶನವೇ ಮುಗಿದಂತೆ. ಬ್ರಿಟನ್ನಿನಲ್ಲಿ ಬಾಕಿ ಮಸೂದೆಗಳು ಸಾಮಾನ್ಯವಾಗಿ ಅಲ್ಲಿಗೇ ಬಿದ್ದುಹೋಗುತ್ತವೆ. ನಮ್ಮ ಸಂವಿಧಾನದ 107ನೇ ವಿಧಿ ಅವನ್ನು ಉಳಿಸುತ್ತದೆ. 2019ರಲ್ಲಿ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಸಲಹೆಯ ಮೇರೆಗೆ ಅಲ್ಲಿನ ಸಂಸತ್ತು ಪ್ರೊರೋಗ್ ಆದಾಗ, ಸೆಪ್ಟೆಂಬರ್ 24ರಂದು ಆ ದೇಶದ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಮರುದಿನ ಕಾಮನ್ಸ್ ಸಭೆ ಸೇರಿದಾಗ ಸ್ಪೀಕರ್ ಜಾನ್ ಬರ್ಕೊ ಕಡತದಿಂದ 'ಪ್ರೊರೋಗ್' ತೆಗೆಸಿ, ಸೆಪ್ಟೆಂಬರ್ 9ರ ಸಭೆ 'ಅಡ್ಜರ್ನ್' ಆಗಿತ್ತೆಂದು ದಾಖಲಿಸಲಾಗುವುದು ಎಂದು ಪ್ರಕಟಿಸಿದರು.