ಸಂಗ್ರಹವೂ ಸತ್ಕಾರವೂ: ಜಪಾನಿನ ಜಾಝ್ ಕಾಫಿಗೃಹಗಳು

ಕೂಡಿಡುವುದು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಗುಣ. ಮಗುವು ಹೊಳೆಯ ದಂಡೆಯಲ್ಲಿ ನುಣುಪಾದ ಕಲ್ಲುಗಳನ್ನು ಆಯ್ದು ಜೇಬಿಗೆ ತುಂಬುತ್ತದೆ. ಅಜ್ಜಿಯು ಹಳೆಯ ಸೀರೆಯ ಜರಿಯಂಚುಗಳನ್ನು ಬಿಡಿಸಿ ಪೆಟ್ಟಿಗೆಯಲ್ಲಿಡುತ್ತಾಳೆ. ವಿದ್ವಾಂಸನು ಓಲೆಯ ಗ್ರಂಥಗಳನ್ನು ಅರಸಿ ತರುತ್ತಾನೆ. ಆದರೆ ಕೂಡಿಸಿದ್ದನ್ನು ಮುಂದೆ ಏನು ಮಾಡಬೇಕೆಂಬ ಯೋಚನೆಯು ಎಲ್ಲರಿಗೂ ಬರುವುದಿಲ್ಲ. ಸಂಪತ್ತನ್ನು ಪರರಿಗೆ ಕೊಡಬೇಕು, ಇಲ್ಲವೆ ತಾನು ಅನುಭವಿಸಬೇಕು, ಎರಡನ್ನೂ ಮಾಡದವನ ಪಾಲಿಗೆ ಅದು ಹಾಳಾಗಿ ಹೋಗುವುದೆಂದು ನಮ್ಮ ನೀತಿಕಾರರು ಎಚ್ಚರಿಸಿದ್ದಾರೆ. ಈ ಮಾತು ಹಣಕ್ಕೆ ಸಲ್ಲುವಂತೆ ಹಾಡಿಗೂ ಸಲ್ಲುವುದೆಂಬುದಕ್ಕೆ ಜಪಾನ್ ದೇಶದ ಜಾಝ್ ಕಾಫಿಗೃಹಗಳು ಒಳ್ಳೆಯ ನಿದರ್ಶನ. ಅವುಗಳ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಾಝ್ ಎಂದೊಡನೆ ಬರಿಯ ಕುಣಿತದ ಗದ್ದಲವೆಂದು ತಿಳಿದವರು ನಮ್ಮಲ್ಲಿ ಅನೇಕರುಂಟು. ನಿಜವಾಗಿ ಅದು ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಆಫ್ರಿಕಾ ಮೂಲದ ಜನರ ನಡುವೆ, ಇಪ್ಪತ್ತನೆಯ ಶತಮಾನದ ಆದಿಯ ಹೊತ್ತಿಗೆ ರೂಪುಗೊಂಡ ಒಂದು ಗಂಭೀರವಾದ ಕಲೆ. ಅದರ ಜೀವಾಳವಾವುದೆಂದರೆ, ನಮ್ಮ ವಿದ್ವಾಂಸರು ಮನೋಧರ್ಮವೆಂದು ಕರೆಯುವ ಗುಣವೇ. ಎಲ್ಲರಿಗೂ ಗೊತ್ತಿರುವ ಒಂದು ಸಣ್ಣ ಹಾಡನ್ನು ವಾದಕನು ಎತ್ತಿಕೊಂಡು, ಆ ಕ್ಷಣದಲ್ಲಿ ಹೊಳೆದಂತೆ ಅದನ್ನು ಬೆಳೆಯಿಸುತ್ತಾನೆ. ಇಂದು ಬೆಳೆಯಿಸಿದಂತೆ ನಾಳೆ ಬೆಳೆಯಿಸಲಾರನು. ನಮ್ಮ ರಾಗಾಲಾಪನೆಯನ್ನು ಸ್ವರಲಿಪಿಯಲ್ಲಿ ಪೂರ್ಣವಾಗಿ ಹಿಡಿಯಲಾಗದಂತೆಯೇ ಇದನ್ನೂ ಕಾಗದದ ಮೇಲೆ ಹಿಡಿಯಲಾಗದು. ಆದುದರಿಂದ ಆ ಕಲೆಗೆ ಗ್ರಾಮಫೋನಿನ ಪ್ಲೇಟೇ ಗ್ರಂಥ. ಪ್ಲೇಟು ಒಡೆದರೆ ಒಂದು ಗ್ರಂಥ ನಷ್ಟವಾದಂತೆಯೇ ಸರಿ.

ಜಾಝ್ ವಾದನದ ಮೊದಲ ಪ್ಲೇಟನ್ನು 1917ನೆಯ ಇಸವಿಯ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದರು. ಆ ಕಾಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು ಹಿಡಿದರೆ ಹೆಚ್ಚು. ಈ ಪ್ಲೇಟುಗಳಿಗೂ ನಮ್ಮ ದೇಶಕ್ಕೂ ಒಂದು ಸಂಬಂಧವುಂಟು. ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆಸೆದು ಗಟ್ಟಿಮಾಡುತ್ತಿದ್ದುದು ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗಳಲ್ಲಿ ಸಣ್ಣ ಕೀಟಗಳು ಸುರಿಸುವ ಈ ಅರಗು ಬಹುಮಟ್ಟಿಗೆ ಭಾರತದಿಂದಲೇ ಹೋಗುತ್ತಿತ್ತು. ಪಾಂಡವರನ್ನು ಸುಡಲೆಂದು ಕಟ್ಟಿದ ಮನೆಯ ವಸ್ತುವೇ ಲೋಕದ ಸಂಗೀತವನ್ನು ಕಾಪಾಡುವ ವಸ್ತುವಾಯಿತು! ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸರಬರಾಜು ಕಷ್ಟವಾದಾಗ, 1942ರಲ್ಲಿ ಅಮೆರಿಕದ ಸರಕಾರವು ಪ್ಲೇಟು ತಯಾರಕರಿಗೆ ಕೊಡುವ ಅರಗನ್ನು ಮಿತಿಗೊಳಿಸಬೇಕಾಯಿತು.

ಇನ್ನು ಜಪಾನಿನ ಮಾತಿಗೆ ಬರೋಣ. ಅಲ್ಲಿ ಕಾಫಿ ಹೋಟಲಿಗೆ ಕಿಸ್ಸಾತೆನ್ ಎಂದು ಹೆಸರು. ಕಿಸ್ಸಾ ಎಂದರೆ ಚಹಾಪಾನ, ತೆನ್ ಎಂದರೆ ಅಂಗಡಿ. ಹೆಸರಿನಲ್ಲಿ ಚಹಾ ಇದ್ದರೂ ಬಟ್ಟಲಿನಲ್ಲಿ ಬರುವುದು ಕಾಫಿ. ಕೆಲವು ಅಂಗಡಿಗಳಲ್ಲಿ ಫ್ಲ್ಯಾನಲ್ ಬಟ್ಟೆಯ ಚೀಲದಲ್ಲಿ ಪುಡಿಯನ್ನು ಹಾಕಿ, ಬಿಸಿನೀರನ್ನು ಸಣ್ಣಧಾರೆಯಾಗಿ ಸುರಿದು, ಅವಸರವಿಲ್ಲದೆ ಇಳಿಸುವರು. ಕಾಫಿ ಸೋಸುವ ಬಟ್ಟೆಯನ್ನು ಕಂಡುಬಲ್ಲ ನಮ್ಮ ಹಳೆಯ ಮನೆಗಳ ಗೃಹಿಣಿಯರಿಗೆ ಈ ಕ್ರಮವು ಅಪರಿಚಿತವಾಗಿ ತೋರಲಾರದು. ಇಂಥ ಅಂಗಡಿಗಳಲ್ಲಿ ಸಂಗೀತದ ಪ್ಲೇಟುಗಳನ್ನೇ ಮುಖ್ಯ ಆಕರ್ಷಣೆಯಾಗಿ ಇರಿಸಿಕೊಂಡವುಗಳಿಗೆ ಜಾಝ್ ಕಿಸ್ಸಾ ಎಂಬ ಹೆಸರು ಬಂದಿತು.

ಅವುಗಳಲ್ಲಿ ಪ್ರಸಿದ್ಧವಾದುದು ಯೊಕೊಹಾಮ ಬಂದರಿನ ನೋಗೆ ಎಂಬ ಕೇರಿಯಲ್ಲಿ ಯೊಶಿದಾ ಮಾಮೊರು ಎಂಬಾತನು 1933ರಲ್ಲಿ ತೆರೆದ ‘ಚಿಗುಸಾ’. ಯೊಶಿದಾ ಪ್ಲೇಟುಗಳನ್ನು ಒಂದೊಂದಾಗಿ ಕೂಡಿಸಿ ಸಾವಿರಾರು ಮಾಡಿದನು. ಅಷ್ಟರಲ್ಲಿ ಯುದ್ಧ ಬಂದಿತು. ಜಾಝ್ ಶತ್ರುದೇಶದ ಸಂಗೀತವಾಯಿತು; 1943ರ ಜನವರಿಯಲ್ಲಿ ಸರಕಾರವು ಸುಮಾರು ಸಾವಿರ ಅಮೆರಿಕನ್ ಮತ್ತು ಇಂಗ್ಲಿಷ್ ಹಾಡುಗಳ ಪಟ್ಟಿಯನ್ನು ಮಾಡಿ ನಿಷೇಧಿಸಿತು. ಕಾಫಿಬೀಜದ ಆಮದೂ ನಿಂತಿತು. 1945ರ ಮೇ 29ರಂದು ಅಮೆರಿಕದ ವಿಮಾನಗಳು ಯೊಕೊಹಾಮದ ಮೇಲೆ ಬೆಂಕಿಯ ಮಳೆಯನ್ನೇ ಸುರಿದುವು. ಚಿಗುಸಾವೂ ಅದರ ಪ್ಲೇಟುಗಳೂ ಬೂದಿಯಾದುವು. ವಿಧಿಯ ವಿಪರೀತವನ್ನು ನೋಡಿರಿ: ಅಮೆರಿಕದ ಸಂಗೀತವನ್ನು ಜಪಾನಿನಲ್ಲಿ ಕಾಪಾಡಿದ ಭಂಡಾರವನ್ನು ಅಮೆರಿಕದ ಬಾಂಬೇ ಸುಟ್ಟಿತು.

ಕೇವಲ ಕೂಡಿಡುವವನಾಗಿದ್ದರೆ ಯೊಶಿದಾನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆತನು ವರ್ಷಗಳ ಕಾಲ ತನ್ನ ಸಂಗ್ರಹವನ್ನು ಬಂದವರಿಗೆಲ್ಲ ಕೇಳಿಸಿದ್ದವನು. ಯುದ್ಧವು ಮುಗಿದ ಮೇಲೆ ಅಂಗಡಿಯ ಬಾಗಿಲು ಮತ್ತೆ ತೆರೆಯಿತು. ಸ್ನೇಹಿತರ ನೆರವಿನಿಂದ ಕಪಾಟುಗಳು ಮರಳಿ ತುಂಬತೊಡಗಿದುವು. ಅಮೆರಿಕವು ತನ್ನ ಸೈನಿಕರಿಗಾಗಿ 1943ರಿಂದ 1949ರವರೆಗೆ ತಯಾರಿಸಿ ಹಂಚಿದ, ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ‘ವಿ-ಡಿಸ್ಕ್’ ಎಂಬ ಪ್ಲೇಟುಗಳೂ ಅಲ್ಲಿಗೆ ಬಂದು ಸೇರಿದುವು. ಕೊಟ್ಟುದು ಬೇರೆ ರೂಪದಲ್ಲಿ ಹಿಂದಿರುಗಿತು.

ಆ ದಿನಗಳಲ್ಲಿ ಹೊರದೇಶದಿಂದ ಬರುವ ಪ್ಲೇಟಿನ ಬೆಲೆಯು ಸಾಮಾನ್ಯ ನೌಕರನ ಕೈಗೆ ಎಟುಕುವಂತಿರಲಿಲ್ಲ. ಒಳ್ಳೆಯ ಯಂತ್ರದ ಮಾತಂತೂ ದೂರವೇ ಉಳಿಯಿತು. ವಿದ್ಯಾರ್ಥಿಯು ಒಂದು ಬಟ್ಟಲು ಕಾಫಿಯ ಹಣ ಕೊಟ್ಟು ಗಂಟೆಗಟ್ಟಲೆ ಕುಳಿತು ಕೇಳಬಹುದಾಗಿತ್ತು. ತನಗೆ ಬೇಕಾದುದನ್ನು ಹೇಳಿದರೆ ಸರದಿ ಬಂದಾಗ ಅದರ ಒಂದು ಮಗ್ಗುಲನ್ನು ಹಾಕುವರು. ತಿರುಗುತ್ತಿರುವ ಪ್ಲೇಟಿನ ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ಎದುರಿಗೆ ನಿಲ್ಲಿಸುವರು. ಪಾಠಶಾಲೆ, ಪುಸ್ತಕಭಂಡಾರ, ಹೋಟಲು, ಈ ಮೂರೂ ಒಂದೇ ಸೂರಿನಡಿಯಲ್ಲಿ ಕೂಡಿದಂತಾಯಿತು. ಚಿಗುಸಾದಲ್ಲಿ ಕುಳಿತು ಪ್ಲೇಟುಗಳನ್ನು ಮತ್ತೆ ಮತ್ತೆ ಕೇಳಿ ಸ್ವರಗಳನ್ನು ಬರೆದುಕೊಂಡ ತರುಣರಲ್ಲಿ ಮುಂದೆ ಲೋಕಪ್ರಸಿದ್ಧರಾದ ಅಕಿಯೊಶಿ ತೊಶಿಕೊ ಎಂಬ ಮಹಿಳೆಯೂ ವತನಾಬೆ ಸದಾಒ ಎಂಬವರೂ ಇದ್ದರು.

ತೊಶಿಕೊ ಅವರ ಬಾಳಿನಲ್ಲಿ ಸಂಗ್ರಾಹಕರ ಉಪಕಾರವು ಅದಕ್ಕೂ ಮೊದಲೇ ಆರಂಭವಾಗಿತ್ತು. 1929ರಲ್ಲಿ ಮಂಚೂರಿಯದಲ್ಲಿ ಹುಟ್ಟಿದ ಆಕೆಯ ಕುಟುಂಬವು ಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಜಪಾನಿನ ಬೆಪ್ಪು ಎಂಬ ಊರಿಗೆ ಬಂದಿತು. ಆಕೆ ಅಲ್ಲಿ ನೃತ್ಯಶಾಲೆಯೊಂದರಲ್ಲಿ ಪಿಯಾನೊ ನುಡಿಸುತ್ತಿದ್ದಾಗ, ಪ್ಲೇಟು ಕೂಡಿಸುವ ರಸಿಕನೊಬ್ಬನು ಟೆಡ್ಡಿ ವಿಲ್ಸನ್ ಎಂಬ ವಾದಕನ ಒಂದು ಪ್ಲೇಟನ್ನು ಕೇಳಿಸಿದನು. ಆಕೆಯ ಮಾರ್ಗವು ಅಂದೇ ನಿಶ್ಚಯವಾಯಿತು. 1956ರಲ್ಲಿ ಆಕೆ ಅಮೆರಿಕಕ್ಕೆ ಹೋಗಿ ಬಾಸ್ಟನ್ ನಗರದ ಬರ್ಕ್ಲಿ ಸಂಗೀತಶಾಲೆಯಲ್ಲಿ ಕಲಿತು, ಮುಂದೆ ತಮ್ಮದೇ ದೊಡ್ಡ ವಾದ್ಯವೃಂದವನ್ನು ನಡೆಸಿದರು. ಆ ರಸಿಕನು ತನ್ನ ಪ್ಲೇಟನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯದೆ ಇದ್ದಿದ್ದರೆ!

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬರುತ್ತದೆ. ತೊಶಿಕೊ ಅವರು 1959ರಲ್ಲಿ ವಿವಾಹವಾದುದು ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರನ್ನು. ಆ ದಾಂಪತ್ಯವು ಬಹುಕಾಲ ನಡೆಯಲಿಲ್ಲ. ಮರಿಯಾನೊ ಮುಂದೆ ದಕ್ಷಿಣಭಾರತದ ಸಂಗೀತಕ್ಕೆ ಮಾರುಹೋಗಿ ನಾಗಸ್ವರವನ್ನು ಅಭ್ಯಾಸಮಾಡಿದರು. ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರೊಡನೆ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, ಅವರು ನುಡಿಸಿದ ‘ಜ್ಯೋತಿ’ ಎಂಬ ಪ್ಲೇಟು 1983ರಲ್ಲಿ ಹೊರಬಂದಿತು. ಅರಗಿನ ಕಾಲ ಅಷ್ಟು ಹೊತ್ತಿಗೆ ಮುಗಿದಿತ್ತಾದರೂ, ನಮ್ಮ ನಾಡು ಈ ಸಲ ಕೊಟ್ಟುದು ಅರಗಿಗಿಂತ ಬೆಲೆಯುಳ್ಳ ವಸ್ತುವನ್ನೇ.

ಜಾಝ್ ಕಿಸ್ಸಾಗಳಲ್ಲಿ ಇನ್ನೊಂದು ವಿಚಿತ್ರ ಪದ್ಧತಿಯುಂಟು. ಕಾಫಿ ಹೋಟಲೆಂದರೆ ನಮ್ಮಲ್ಲಿ ಹರಟೆಗೆ ಮನೆಯಷ್ಟೆ. ಅಲ್ಲಿಯಾದರೋ 1960ರ ದಶಕದ ಅನೇಕ ಅಂಗಡಿಗಳಲ್ಲಿ ಮಾತನಾಡುವುದೇ ನಿಷಿದ್ಧವಾಗಿತ್ತು. ಆರ್ಟ್ ಬ್ಲೇಕಿ ಎಂಬ ವಾದಕನು 1961ರಲ್ಲಿ ತನ್ನ ತಂಡದೊಡನೆ ಜಪಾನಿಗೆ ಬಂದ ಮೇಲೆ ಜಾಝ್ ಮೇಲಣ ಮೋಹವು ಹೆಚ್ಚಿ, ಅಂಗಡಿಗಳೂ ಹೆಚ್ಚಿದುವು. ತಲೆ ತಗ್ಗಿಸಿ, ಕಣ್ಣುಮುಚ್ಚಿ ಕೇಳುವ ತರುಣರನ್ನು ಕಂಡರೆ ಧ್ಯಾನಮಂದಿರವೋ ಎಂಬ ಭ್ರಾಂತಿಯುಂಟಾಗುತ್ತಿತ್ತು.

ಹಾಗೆಂದು ರಸಿಕರು ಮಾತೇ ಆಡರೆಂದಲ್ಲ. ಸ್ವರ ನಿಂತೊಡನೆ ಮಾತು ಹೊರಡುವುದು, ಹೊರಟರೆ ನಿಲ್ಲದು. ಆ ಮಾತಿನ ಸೂಕ್ಷ್ಮತೆಯನ್ನು ಕೇಳಿದರೆ ಪಾಠಾಂತರಗಳನ್ನು ಚರ್ಚಿಸುವ ಪಂಡಿತರ ನೆನಪಾಗದೆ ಇರದು. 1948ರಲ್ಲಿ ದೀರ್ಘಕಾಲ ಹಾಡುವ ವಿನೈಲ್ ಪ್ಲೇಟು ಬಂದ ಮೇಲೆ ಈ ಶಾಸ್ತ್ರ ಇನ್ನೂ ಬೆಳೆಯಿತು. ನ್ಯೂಯಾರ್ಕಿನಲ್ಲಿ 1939ರಲ್ಲಿ ಹುಟ್ಟಿದ ‘ಬ್ಲೂ ನೋಟ್’ ಕಂಪೆನಿಯ ಪ್ಲೇಟೊಂದು ಕೈಗೆ ಬಂದರೆ, ಬಲ್ಲವನು ನಡುವಿನ ಚೀಟಿಯಲ್ಲಿ ಕಂಪೆನಿಯ ವಿಳಾಸವನ್ನು ನೋಡುವನು: ಲೆಕ್ಸಿಂಗ್ಟನ್ ಅವೆನ್ಯೂ ಎಂದಿದ್ದರೆ ಹಳೆಯದು, 63ನೆಯ ಬೀದಿ ಎಂದಿದ್ದರೆ ಅದಕ್ಕಿಂತ ಈಚಿನದು. ಬಳಿಕ ಗೆರೆಗಳು ಮುಗಿದು ಚೀಟಿ ಮೊದಲಾಗುವ ಬರಿಯ ಜಾಗವನ್ನು ಬೆಳಕಿಗೆ ಹಿಡಿದು, ಕಿವಿಯ ಆಕಾರದ ಸಣ್ಣ ಗುರುತನ್ನು ಹುಡುಕುವನು. ಅದು ಆರಂಭದಲ್ಲಿ ಪ್ಲೇಟುಗಳನ್ನು ಒತ್ತುತ್ತಿದ್ದ ಕಾರ್ಖಾನೆಯ ಮುದ್ರೆ. ಜಪಾನಿನಲ್ಲಿ ಒತ್ತಿದ ಪ್ಲೇಟಾದರೆ ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿಯೊಂದಿರುವುದು. ಕಿಮೋನೊ ಉಡುಪಿನ ನಡುಪಟ್ಟಿಯ ಹೆಸರಿನಿಂದಲೇ ಅದನ್ನು ‘ಓಬಿ’ ಎನ್ನುವರು. ಆ ಪಟ್ಟಿ ಹರಿದುಹೋಗಿದ್ದರೆ ಹಾಡು ಅದೇ ಆಗಿದ್ದರೂ ಬೆಲೆ ಇಳಿಯುವುದು!

ಇದೆಲ್ಲ ಬರಿಯ ಹುಚ್ಚಲ್ಲವೆ ಎಂದು ವಾಚಕರು ಕೇಳಬಹುದು. ಹುಚ್ಚು ಸ್ವಲ್ಪ ಉಂಟು. ಆದರೆ ಹಳೆಯ ಪ್ಲೇಟುಗಳ ಮೇಲೆ ಅನೇಕ ವೇಳೆ ತಂಡದ ಹೆಸರಿರುತ್ತಿತ್ತೇ ಹೊರತು ವಾದಕರ ಹೆಸರುಗಳು ಇರುತ್ತಿರಲಿಲ್ಲ. ಯಾರು ಊದಿದರು, ಯಾವ ದಿನ ಮುದ್ರಿಸಿದರು ಎಂಬುದನ್ನು ಸಂಗ್ರಾಹಕರು ಕಿವಿಗೊಟ್ಟು ಕೇಳಿ, ತಮ್ಮತಮ್ಮಲ್ಲಿ ವಾದಿಸಿ, ಪತ್ರ ಬರೆದು ವಿಚಾರಿಸಿ ನಿರ್ಣಯಿಸಿದರು. ಪ್ಯಾರಿಸಿನ ಶಾರ್ಲ್ ದೆಲೊನೆ ಎಂಬಾತನು 1936ರಲ್ಲಿ ಅಂಥ ವಿವರಗಳ ದೊಡ್ಡ ಸೂಚಿಯನ್ನು ಪ್ರಕಟಿಸಿದನು. ಹೆಸರಿಲ್ಲದೆ ಅಳಿದುಹೋಗುತ್ತಿದ್ದ ಬಡ ಕಲಾವಿದರಿಗೆ ಹೆಸರು ದೊರೆತುದು ಈ ಹರಟೆಯಿಂದಲೇ. ಹೊದಿಕೆಯ ಪಟ್ಟಿಗಾಗಿ ಜಗಳವಾಡುವುದು ಲೋಭ. ವಾದಕನ ಹೆಸರಿಗಾಗಿ ಜಗಳವಾಡುವುದು ವಿದ್ಯೆ. ಎರಡೂ ಒಬ್ಬನಲ್ಲಿಯೇ ವಾಸಿಸಬಲ್ಲುವು. ಯಾವುದಕ್ಕೆ ಅನ್ನವಿಕ್ಕುವೆವೆಂಬುದು ನಮ್ಮ ಕೈಯಲ್ಲಿದೆ.

ಮನೆಯಲ್ಲಿ ಸ್ವಂತ ಯಂತ್ರಗಳು ಬಂದ ಮೇಲೆ ಜಾಝ್ ಕಿಸ್ಸಾಗಳ ಸಂಖ್ಯೆ ಇಳಿಯಿತು. ಆದರೂ ಅವುಗಳ ಋಣವನ್ನು ಹೊತ್ತವರು ಹಲವರು. ಕಾದಂಬರಿಕಾರ ಮುರಕಾಮಿ ಹರುಕಿ 1974ರಿಂದ 1981ರವರೆಗೆ ಪತ್ನಿಯೊಡನೆ ಅಂಥ ಅಂಗಡಿಯೊಂದನ್ನು ನಡೆಸಿ, ಆ ಕಾಲದಲ್ಲಿಯೇ ಬರೆಯಲಾರಂಭಿಸಿದರು. ಚಿಗುಸಾದ ಯೊಶಿದಾ 1994ರಲ್ಲಿ ತೀರಿಕೊಂಡನು. ಅಂಗಡಿಯು 2007ರಲ್ಲಿ ಮುಚ್ಚಿತು. ಆತನ ಪ್ಲೇಟುಗಳನ್ನು ಊರಿನ ಅಭಿಮಾನಿಗಳು ಚದುರಗೊಡದೆ ಕಾದಿಟ್ಟು, 2012ರಲ್ಲಿ ಅದೇ ಹೆಸರಿನಿಂದ ಅಂಗಡಿಯನ್ನು ಮತ್ತೆ ತೆರೆದರು. ಕೂಡಿಸಿದವನು ಹೋದ ಮೇಲೂ ಸಂಗ್ರಹವು ಉಳಿಯಬೇಕಾದರೆ ಅದನ್ನು ತಮ್ಮದೆಂದು ಭಾವಿಸುವ ನಾಲ್ವರು ಇರಬೇಕು. ಆ ನಾಲ್ವರನ್ನು ಸಂಪಾದಿಸುವುದು ಬದುಕಿರುವಾಗಲೇ.

ನಮ್ಮ ಮನೆಗಳ ಅಟ್ಟಗಳ ಮೇಲೂ ತಾತಂದಿರ ಕಾಲದ ಪ್ಲೇಟುಗಳು ಇರಬಹುದು. ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಕೆಳಗಿಳಿಸಿ ನೋಡಿರಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲು ತಾಗಿದರೆ ಸೊಟ್ಟಗಾಗುವುವು. ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಯಾರು ಹಾಡಿದುದು, ಯಾರು ಕೊಂಡುದು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಇಷ್ಟಾದ ಮೇಲೆ, ಒಂದು ಭಾನುವಾರದ ಸಂಜೆ ಕಾಫಿಗೆ ಎರಡು ಲೋಟ ಹೆಚ್ಚಾಗಿ ನೀರಿಟ್ಟು, ನೆರೆಮನೆಯವರನ್ನೂ ಅವರ ಮಕ್ಕಳನ್ನೂ ಕರೆಯಿರಿ. ಹಾಡು ಮುಗಿಯುವವರೆಗೆ ಯಾರೂ ಮಾತನಾಡಕೂಡದೆಂಬ ಜಪಾನಿನ ನಿಯಮವನ್ನು ಬೇಕಾದರೆ ಅನುಸರಿಸಬಹುದು. ಮುಗಿದ ಮೇಲೆ ಮಾತ್ರ ಹರಟೆಗೆ ಅಡ್ಡಿಮಾಡಬೇಡಿರಿ.